ಎರೆಯದೆ, ಕಡೆಯದೆ ಮೂಡುವ ಲೋಹ

ಯಶವಂತಪುರದ ರೈಲು ನಿಲ್ದಾಣವನ್ನು ಬಿಟ್ಟು, ತುಮಕೂರು ರಸ್ತೆಯನ್ನು ಹಿಡಿದು ಪೀಣ್ಯದ ಕಡೆಗೆ ನಡೆದುಹೋಗುವವನಿಗೆ, ಮೇಲುಸೇತುವೆಯ ವಾಹನಗಳ ಗದ್ದಲವನ್ನೂ ಮೆಟ್ರೋ ರೈಲಿನ ಸಪ್ಪಳವನ್ನೂ ಭೇದಿಸಿಕೊಂಡು, ಅಡ್ಡರಸ್ತೆಗಳ ಷೆಡ್ಡುಗಳಿಂದ ಇಂದಿಗೂ ಒಂದು ಧ್ವನಿ ಕೇಳಿಬರುತ್ತದೆ. ಅದು ಉಕ್ಕು ಉಕ್ಕನ್ನು ಕೊರೆಯುವ ಧ್ವನಿ. ಬೆಂಗಳೂರಿನ ಉತ್ತರಭಾಗವು ಈ ಧ್ವನಿಯನ್ನು ಕೇಳುತ್ತಲೇ ಬೆಳೆಯಿತು. ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ನಮ್ಮೆಲ್ಲರ ಬಾಯಲ್ಲಿ ಎಚ್.ಎಂ.ಟಿ., ತಲೆಯೆತ್ತಿತು, ಯಂತ್ರಗಳನ್ನು ನಿರ್ಮಿಸುವ ಯಂತ್ರಗಳ ಸಂಶೋಧನೆಗೆಂದೇ ೧೯೬೨ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ತುಮಕೂರು ರಸ್ತೆಯ ಮಗ್ಗುಲಲ್ಲಿ ನೆಲೆಸಿತು, ೧೯೮೪ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ ಕೆಲಸವನ್ನಾರಂಭಿಸಿತು, ಇವುಗಳ ಆಸುಪಾಸಿನಲ್ಲಿ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಮನೆಯ ಯಜಮಾನನು ಟರ್ನರೋ ಫಿಟ್ಟರೋ ಟೂಲ್ ರೂಮಿನ ಮೇಸ್ತ್ರಿಯೋ ಆಗಿದ್ದ ಕುಟುಂಬಗಳು ಒಂದು ಕಾಲಕ್ಕೆ ಈ ಕಡೆಯ ಬಡಾವಣೆಗಳ ಬೀದಿಬೀದಿಗೂ ಇದ್ದವು.

ಲೋಹಕ್ಕೆ ರೂಪವನ್ನು ಕೊಡುವ ಮೂರು ಪ್ರಾಚೀನ ಮಾರ್ಗಗಳೂ ಈ ಕೆಲವೇ ಮೈಲಿಗಳ ಸೀಮೆಯೊಳಗೆ ಪ್ರತ್ಯಕ್ಷವಾಗಿ ಕಾಣಸಿಗುತ್ತವೆ. ಮೊದಲನೆಯದು ಎರಕ: ಯಲಹಂಕದಲ್ಲಿ ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಒತ್ತಡದ ಬಲದಿಂದ ಗ್ರಾಫೈಟಿನ ಅಚ್ಚಿನೊಳಕ್ಕೆ ಏರಿಸಿ, ರೈಲಿನ ಗಾಲಿಗಳನ್ನು ಎರೆಯುತ್ತಾರೆ. ಎರಡನೆಯದು ಬಡಿತ: ಗಾಲಿಗಳೆರಡನ್ನು ಕೂಡಿಸುವ ಆಕ್ಸಲನ್ನು, ಅದೇ ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಉಕ್ಕಿನ ದಿಮ್ಮಿಯನ್ನು ಬಡಿದು ಬಡಿದು ನೀಳವಾಗಿಸಿ ಮಾಡುತ್ತಾರೆ, ಹಳ್ಳಿಯ ಕಮ್ಮಾರನು ನೇಗಿಲಿನ ಗುಳವನ್ನು ಬಡಿಯುವ ಕ್ರಮವೇ ಇದು, ಪ್ರಮಾಣ ಮಾತ್ರ ಬೇರೆ. ಮೂರನೆಯದು ಕಡೆತ. ಬೇಲೂರಿನ ಶಿಲ್ಪಿಯು ಬೇಡದ ಕಲ್ಲನ್ನು ಉಳಿಯಿಂದ ತೆಗೆದುಹಾಕಿ ಮದನಿಕೆಯನ್ನು ಉಳಿಸಿಕೊಂಡಂತೆ, ಲೇತಿನ ಮುಂದೆ ನಿಂತ ಟರ್ನರನೂ ಬೇಡದ ಲೋಹವನ್ನು ಸುರುಳಿಸುರುಳಿಯಾಗಿ ಹೆರೆದುಹಾಕಿ ತನಗೆ ಬೇಕಾದ ಭಾಗವನ್ನು ಉಳಿಸಿಕೊಳ್ಳುತ್ತಾನೆ. ಹೆರೆದದ್ದೆಲ್ಲ ತೊಟ್ಟಿಗೆ ಬಿದ್ದು ಗುಜರಿಗೆ ಹೋಗುತ್ತದೆ.

ಈಗ ನಾಲ್ಕನೆಯ ಮಾರ್ಗವೊಂದು ಈ ನೆಲದಲ್ಲಿ ಬೇರೂರುತ್ತಿದೆ. ಅದರಲ್ಲಿ ಎರೆಯುವುದಿಲ್ಲ, ಬಡಿಯುವುದಿಲ್ಲ, ಹೆರೆಯುವುದೂ ಇಲ್ಲ. ಗೆದ್ದಲು ಹುತ್ತವನ್ನು ಕಟ್ಟುವಂತೆ ಕಣಕಣವನ್ನೂ ಕೂಡಿಸಿ, ಪದರದ ಮೇಲೆ ಪದರವನ್ನಿಟ್ಟು, ವಸ್ತುವನ್ನು ಬೆಳೆಸುತ್ತಾರೆ. ಕಾರ್ಖಾನೆಯ ಜನ ಇದನ್ನು ತ್ರೀಡಿ ಪ್ರಿಂಟಿಂಗ್ ಎಂದೂ, ಎಂಜಿನಿಯರುಗಳು ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎಂದೂ ಕರೆಯುತ್ತಾರೆ. ನಮ್ಮ ಹಳೆಯ ಅಂಕಗಣಿತದ ಪುಸ್ತಕಗಳಲ್ಲಿದ್ದ ಸಂಕಲನ, ವ್ಯವಕಲನ ಎಂಬೆರಡು ಮಾತುಗಳನ್ನು ನೆನೆದುಕೊಂಡರೆ ಭೇದವು ಒಡನೆಯೇ ಹೊಳೆಯುತ್ತದೆ: ಲೇತಿನದು ವ್ಯವಕಲನ, ಕಳೆಯುವ ಲೆಕ್ಕ, ಇದರದು ಸಂಕಲನ, ಕೂಡುವ ಲೆಕ್ಕ. ಆದುದರಿಂದ ಇದನ್ನು ಸಂಕಲನ ನಿರ್ಮಾಣವೆಂದು ಕರೆಯುವುದೇ ನನಗೆ ಉಚಿತವಾಗಿ ತೋರುತ್ತದೆ.

ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ದ್ರವದಿಂದ ಪದರಪದರವಾಗಿ ಆಕೃತಿಯನ್ನು ಪಡೆಯಬಹುದೆಂದು ಜಪಾನಿನ ಹಿದೆಯೊ ಕೊಡಾಮ ೧೯೮೧ರಲ್ಲಿ ಪ್ರಕಟಿಸಿದರು. ಅಮೆರಿಕದ ಚಕ್ ಹಲ್ ೧೯೮೪ರಲ್ಲಿ ಅರ್ಜಿಯನ್ನು ಸಲ್ಲಿಸಿ ೧೯೮೬ರಲ್ಲಿ ಅದೇ ತೆರನ ವಿಧಾನಕ್ಕೆ ಪೇಟೆಂಟ್ ಪಡೆದರು. ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಡೆಕಾರ್ಡ್ ಪುಡಿಯನ್ನು ಲೇಸರಿನಿಂದ ಬೆಸೆಯುವ ದಾರಿಯನ್ನು ಕಂಡುಕೊಂಡರು. ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ, ಚಕ್ಕುಲಿಯ ಒರಳಿನಿಂದ ಹಿಟ್ಟನ್ನು ಒತ್ತುವಂತೆ ಒತ್ತುತ್ತ ಹೋಗುವ ಇನ್ನೊಂದು ವಿಧಾನವು ಸ್ಕಾಟ್ ಕ್ರಂಪ್ ಎಂಬವರದು. ೨೦೦೯ರಲ್ಲಿ ಅದರ ಪೇಟೆಂಟಿನ ಅವಧಿ ತೀರಿದ ಮೇಲೆ ಆ ಯಂತ್ರವು ಅಗ್ಗವಾಗಿ, ವಿದ್ಯಾರ್ಥಿಗಳ ಮೇಜಿನ ಮೇಲಕ್ಕೂ ಬಂದಿತು. ಬಹುಕಾಲದವರೆಗೆ ಇವುಗಳಿಂದ ಪಡೆಯುತ್ತಿದ್ದುದು ತೋರಿಕೆಯ ಮಾದರಿಗಳನ್ನು ಮಾತ್ರ. ಉರಿಯನ್ನೂ ಒತ್ತಡವನ್ನೂ ತಾಳಿಕೊಂಡು ನಿಜವಾಗಿ ದುಡಿಯುವ ಲೋಹದ ಭಾಗಗಳನ್ನೇ ಮುದ್ರಿಸತೊಡಗಿದುದು ಈಚಿನ ವರ್ಷಗಳ ಪ್ರಗತಿ, ಮತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಈ ಕಾರ್ಯವನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ಒದಗಿತು. ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಬೀದಿಯವರಾದ, ಮೂವತ್ತೈದು ವರ್ಷ ಲೇತಿನ ಮುಂದೆ ನಿಂತು ನಿವೃತ್ತರಾದ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಯಂತ್ರವು ನೋಡುವುದಕ್ಕೆ ಎರಡು ಬೀರುಗಳನ್ನು ಒತ್ತಟ್ಟಿಗೆ ನಿಲ್ಲಿಸಿದಂತಿದ್ದು, ಮುಂಭಾಗದಲ್ಲಿ ಬಣ್ಣದ ಗಾಜಿನ ಒಂದು ಕಿರುಗಿಂಡಿಯನ್ನು ಹೊಂದಿತ್ತು. ಅದನ್ನು ನಡೆಸುತ್ತಿದ್ದವಳು ಡಿಪ್ಲೊಮಾ ಮುಗಿಸಿ ಬಂದ ತುಮಕೂರಿನ ಕಡೆಯ ಹುಡುಗಿ. ಆಕೆ ಮುಚ್ಚಿದ ಸೀಸೆಯೊಂದನ್ನು ವಾಲಿಸಿ ತೋರಿಸಿದಳು. ಒಳಗಿದ್ದ ಬೂದುಬಣ್ಣದ ಲೋಹದ ಪುಡಿಯು ರಾಗಿಹಿಟ್ಟಿನಂತೆ ಕುಸಿಯದೆ ನೀರಿನಂತೆ ಹರಿಯಿತು. ಪ್ರತಿಯೊಂದು ಕಣವೂ ದುಂಡಗಿರುವುದೇ ಇದಕ್ಕೆ ಕಾರಣ. ಕಣದ ವ್ಯಾಸವು ಸಾಮಾನ್ಯವಾಗಿ ೧೫ರಿಂದ ೪೫ ಮೈಕ್ರಾನ್, ಎಂದರೆ ತಲೆಗೂದಲಿಗಿಂತಲೂ ಸೂಕ್ಷ್ಮ. ಪುಡಿಯನ್ನು ಯಂತ್ರಕ್ಕೆ ತುಂಬುವ ಮುನ್ನ, “ಮಾಸ್ಕ್ ಹಾಕ್ಕೊಳ್ಳಿ ಸಾರ್, ಇದು ಎದೆಯೊಳಕ್ಕೆ ಹೋಗಬಾರದು” ಎಂದು ನಮ್ಮಿಬ್ಬರಿಗೂ ಒಂದೊಂದು ಮುಖಗವಸನ್ನು ಕೊಟ್ಟಳು.

ಯಂತ್ರದ ಕೋಣೆಯೊಳಗಿನ ಗಾಳಿಯನ್ನು ಮೊದಲು ಹೊರದೂಡಿ ಆರ್ಗಾನ್ ಅನಿಲವನ್ನು ತುಂಬುತ್ತಾರೆ. ಆಮ್ಲಜನಕವು ಉಳಿದರೆ ಕಾದ ಲೋಹ ಕೆಡುತ್ತದೆ, ಟೈಟೇನಿಯಂನಂಥ ಪುಡಿಯಾದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಬಳಿಕ ಒಂದು ಪಟ್ಟಿಯು, ಹೆಂಚಿನ ಮೇಲೆ ದೋಸೆಯ ಹಿಟ್ಟನ್ನು ಸವರುವಂತೆ, ಲೋಹದ ಹಲಗೆಯ ಮೇಲೆ ಪುಡಿಯ ತೆಳುಪದರವನ್ನು ಸವರಿ ಹಿಂದಕ್ಕೆ ಸರಿಯುತ್ತದೆ. ಕಂಪ್ಯೂಟರಿನಲ್ಲಿ ರಚಿಸಿದ ನಕ್ಷೆಯ ಆ ಒಂದು ಪದರದ ಗೆರೆಗಳನ್ನನುಸರಿಸಿ ಲೇಸರ್ ಕಿರಣ ಹರಿದಾಡುತ್ತದೆ. ಹರಿದಾಡಿದಲ್ಲೆಲ್ಲ ಪುಡಿ ಕರಗಿ, ಕ್ಷಣಾರ್ಧದಲ್ಲಿ ಗಟ್ಟಿಯಾಗಿ, ಕೆಳಗಿನ ಪದರದೊಡನೆ ಒಂದಾಗುತ್ತದೆ. ಹಲಗೆಯು ಸುಮಾರು ೪೦ ಮೈಕ್ರಾನಿನಷ್ಟು ಕೆಳಗಿಳಿಯುತ್ತದೆ. ಮತ್ತೆ ಪುಡಿ, ಮತ್ತೆ ಕಿರಣ. ೨೦ ಸೆಂಟಿಮೀಟರ್ ಎತ್ತರದ ವಸ್ತುವೊಂದಕ್ಕೆ ಇಂಥ ೫,೦೦೦ ಪದರಗಳು ಬೇಕು. ಪದರವೊಂದಕ್ಕೆ ೧೫ ಸೆಕೆಂಡು ಹಿಡಿದರೂ ಸುಮಾರು ೨೧ ಗಂಟೆಗಳ ಕೆಲಸವಾಯಿತು. ಕಿಂಡಿಯಲ್ಲಿ ಕಣ್ಣಿಟ್ಟು ನಿಂತಾಗ ನಮಗೆ ಕಂಡುದು ಕಪ್ಪು ಪುಡಿಯ ಬಯಲಿನ ಮೇಲೆ ಓಡಾಡುವ ಒಂದು ಬೆಳಕಿನ ಚುಕ್ಕೆ, ಅದರ ಬೆನ್ನಿಗೆ ಸಿಡಿದು ಆರುವ ಕಿಡಿಗಳು. ಇಷ್ಟಾಗಿ ಯಂತ್ರದಿಂದ ಹೊರಡುತ್ತಿದ್ದ ಸದ್ದು ಫ್ಯಾನಿನ ಸದ್ದಿಗಿಂತ ಹೆಚ್ಚಿನದಾಗಿರಲಿಲ್ಲ.

ಹಿಂದಿನ ದಿನ ಮುಗಿದಿದ್ದ ತುಂಡೊಂದನ್ನು ಆಕೆ ಹಿರಿಯರ ಕೈಗಿತ್ತಳು. ಅವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಉಗುರನ್ನು ಮೆಲ್ಲನೆ ಅದರ ಮೈಮೇಲೆ ಎಳೆದು, “ಫಿನಿಶಿಂಗ್ ಬಂದಿಲ್ವಲ್ಲಮ್ಮ ಇದಕ್ಕೆ, ಉಪ್ಪುಕಾಗದ ಮುಟ್ಟಿದ ಹಾಗಿದೆ” ಎಂದರು. “ಹೌದು ಅಂಕಲ್, ಇದು ಇನ್ನೂ ಲೇತಿಗೆ ಹೋಗಬೇಕು” ಎಂದಳು ಹುಡುಗಿ. ಈ ಎರಡು ಮಾತುಗಳಲ್ಲಿ ಈ ವಿದ್ಯೆಯ ಮಿತಿಯೂ, ಹಳೆಯ ವಿದ್ಯೆಯೊಡನೆ ಇದಕ್ಕಿರುವ ನಂಟೂ ಅಡಗಿವೆ. ಕರಗಿದ ಲೋಹ ಅಷ್ಟು ಬೇಗನೆ ತಣಿಯುವುದರಿಂದ ವಸ್ತುವಿನೊಳಗೆ ಬಿಗಿತವು ಉಳಿದುಬಿಡುತ್ತದೆ. ಅದನ್ನು ಸಡಿಲಿಸಲು ಕುಲುಮೆಯಲ್ಲಿಟ್ಟು ಹದವಾಗಿ ಕಾಯಿಸಬೇಕು, ಇಲ್ಲವಾದರೆ ಹಲಗೆಯಿಂದ ಬಿಡಿಸಿದೊಡನೆ ಅದು ಸೊಟ್ಟಗಾಗುತ್ತದೆ. ಜೋಲುವ ಭಾಗಗಳಿಗೆ ಆಸರೆಯಾಗಿ ಮುದ್ರಿಸಿದ ಕಂಬಗಳನ್ನು ಕತ್ತರಿಸಿ ತೆಗೆಯಬೇಕು. ಒಳಗೆಲ್ಲಾದರೂ ಸೂಜಿಮೊನೆಯಷ್ಟು ಪೊಳ್ಳು ಉಳಿದಿದೆಯೇ ಎಂದು, ಆಸ್ಪತ್ರೆಯಲ್ಲಿ ರೋಗಿಯನ್ನು ಪರೀಕ್ಷಿಸುವಂತೆ, ಸಿ.ಟಿ. ಸ್ಕ್ಯಾನ್ ಮಾಡಿ ನೋಡಬೇಕು. ಬೇರೆ ಭಾಗಗಳೊಡನೆ ಕೂಡುವ ಮುಖಗಳನ್ನಂತೂ ಕಡೆಯಲೇಬೇಕು.

ಇಷ್ಟು ನಿಧಾನವೂ ಇಷ್ಟು ದುಬಾರಿಯೂ ಆದ ಕ್ರಮವನ್ನು ಏಕೆ ಅವಲಂಬಿಸಬೇಕೆಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟಿರುವುದು, ಹೆಬ್ಬಾಳಕ್ಕೂ ಯಶವಂತಪುರಕ್ಕೂ ನಡುವಣ ನ್ಯೂ ಬಿ.ಇ.ಎಲ್. ರಸ್ತೆಯ ಅಂತರಿಕ್ಷ ಭವನದಲ್ಲಿ ತನ್ನ ಪ್ರಧಾನ ಕಚೇರಿಯನ್ನು ಹೊಂದಿರುವ ಇಸ್ರೋ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತವು ಉಪಗ್ರಹವನ್ನು ಕಟ್ಟಕಡೆಗೆ ಅದರ ಕಕ್ಷೆಗೆ ಮುಟ್ಟಿಸುವ ಹಂತ. ಅದರ ಎಂಜಿನ್ನನ್ನು ಪಿ.ಎಸ್. ೪ ಎನ್ನುತ್ತಾರೆ. ನಿರ್ವಾತದಲ್ಲಿ ೭.೩೩ ಕಿಲೋನ್ಯೂಟನ್ ನೂಕುಬಲವನ್ನು ಕೊಡುವ ಈ ಎಂಜಿನ್ನಿನೊಳಗೆ ನೈಟ್ರೊಜನ್ ಟೆಟ್ರಾಕ್ಸೈಡ್, ಮಾನೊಮೀಥೈಲ್ ಹೈಡ್ರಜೀನ್ ಎಂಬ ಎರಡು ದ್ರವಗಳು ಸೇರುತ್ತವೆ. ಎರಡೂ ವಿಷಮಯವಾದವು, ಒಂದನ್ನೊಂದು ಸೋಂಕಿದೊಡನೆಯೇ ತಾವಾಗಿ ಹೊತ್ತಿಕೊಳ್ಳುವಂಥವು. ಇಂಥ ಯಂತ್ರದಲ್ಲಿ ಒಂದೊಂದು ಬೆಸುಗೆಯೂ ಒಂದೊಂದು ಚಿಂತೆ. ಹಿಂದಿನ ಕ್ರಮದಲ್ಲಿ ಈ ಎಂಜಿನ್ನಿಗೆ ೧೪ ಭಾಗಗಳೂ ೧೯ ಬೆಸುಗೆಗಳೂ ಇದ್ದವು. ಇಸ್ರೋ ಅದನ್ನು ಲೇಸರಿನಿಂದ ಪುಡಿಯನ್ನು ಬೆಸೆಯುವ ಕ್ರಮಕ್ಕೆ ಹೊಂದುವಂತೆ ಹೊಸದಾಗಿ ವಿನ್ಯಾಸಗೊಳಿಸಿತು. ಬೆಂಗಳೂರಿನ ವಿಪ್ರೋ ತ್ರೀಡಿ ಸಂಸ್ಥೆ ಮುದ್ರಿಸಿಕೊಟ್ಟಿತು. ೧೪ ಭಾಗಗಳ ಸ್ಥಾನದಲ್ಲಿ ಈಗ ಒಂದೇ ಭಾಗ. ೧೯ ಬೆಸುಗೆಗಳ ಸ್ಥಾನದಲ್ಲಿ ಒಂದೂ ಇಲ್ಲ. ಒಂದು ಎಂಜಿನ್ನಿಗೆ ಹಿಂದೆ ೫೬೫ ಕಿಲೋಗ್ರಾಂ ಬಡಿದ ಲೋಹವೂ ತಗಡೂ ಬೇಕಾಗುತ್ತಿದ್ದರೆ ಈಗ ಬೇಕಾದ ಲೋಹದ ಪುಡಿ ೧೩.೭ ಕಿಲೋಗ್ರಾಂ, ತಯಾರಿಕೆಯ ಕಾಲದಲ್ಲಿ ಶೇಕಡ ೬೦ರಷ್ಟು ಉಳಿತಾಯ.

ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಎಲ್ಲಿಯೋ ಅಚ್ಚಿನ ತಪ್ಪಾಗಿರಬೇಕೆಂದೇ ಭಾವಿಸಿದೆ. ಒಂದು ಲಾರಿಯ ಹೊರೆಗೂ ಕೈಚೀಲದ ಹೊರೆಗೂ ಇರುವ ಅಂತರವಿದು. ಆದರೆ ಕಳೆಯುವ ಲೆಕ್ಕದ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ: ದೊಡ್ಡ ದಿಮ್ಮಿಯನ್ನು ತಂದು, ಒಳಗೆಲ್ಲ ಪೊಳ್ಳಾದ ತೆಳುಗೋಡೆಯ ಪಾತ್ರೆಯನ್ನು ಅದರಿಂದ ಕಡೆದು ತೆಗೆಯುವಾಗ, ಲೋಹದ ಬಹುಪಾಲು ಸುರುಳಿಗಳಾಗಿಯೇ ಹೋಗಬೇಕು. ಕೂಡುವ ಲೆಕ್ಕದಲ್ಲಾದರೋ ಬೇಕಾದಷ್ಟೇ ಪುಡಿ ಕರಗುತ್ತದೆ. ಉಳಿದದ್ದನ್ನು ಜರಡಿ ಹಿಡಿದು ಮತ್ತೆ ಉಪಯೋಗಿಸಬಹುದು. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಈ ಎಂಜಿನ್ನನ್ನು ಮೊದಲು ನಾಲ್ಕು ಸಲ, ಒಟ್ಟು ೭೪ ಸೆಕೆಂಡುಗಳ ಕಾಲ ಉರಿಸಿ ನೋಡಿದರು. ಬಳಿಕ ೨೦೨೪ರ ಮೇ ೯ರಂದು ಎಡೆಬಿಡದೆ ೬೬೫ ಸೆಕೆಂಡು, ಎಂದರೆ ೧೧ ನಿಮಿಷಕ್ಕೂ ಮೀರಿ, ಉರಿಸಿದರು. ಅದು ತಾಳಿಕೊಂಡಿತು. ಅದೇ ತಿಂಗಳ ೩೦ರಂದು ಚೆನ್ನೈಯ ಅಗ್ನಿಕುಲ್ ಎಂಬ ಹೊಸ ಕಂಪನಿಯ ರಾಕೆಟ್ಟು, ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ನಿನ ಬಲದಿಂದ, ಶ್ರೀಹರಿಕೋಟದಿಂದ ಮೇಲೇರಿತು.

ವಿಮಾನಗಳ ಲೋಕದಲ್ಲಿ ಈ ಮಾರ್ಗ ಇನ್ನೂ ಮೊದಲೇ ಸಲ್ಲತೊಡಗಿತ್ತು. ಹೆಬ್ಬಾಳ, ಯಲಹಂಕಗಳ ಜನ ದಿನವೂ ತಲೆಯ ಮೇಲೆ ಕಾಣುವ ವಿಮಾನಗಳಲ್ಲಿ ಅನೇಕವು ಲೀಪ್ ಎಂಬ ಎಂಜಿನ್ನಿನವು. ಆ ಎಂಜಿನ್ನಿನೊಳಗೆ ಇಂಧನವನ್ನು ಸಿಂಪಡಿಸುವ ಕೊಳವೆಮೂತಿಗಳನ್ನು ಅಮೆರಿಕದ ಜಿ.ಇ. ಕಂಪನಿ ಮುದ್ರಿಸಿಯೇ ಮಾಡುತ್ತದೆ. ಹಿಂದೆ ೨೦ ಚೂರುಗಳನ್ನು ಬೆಸೆದು ಕೂಡಿಸುತ್ತಿದ್ದುದು ಈಗ ಒಂದೇ ತುಂಡು, ತೂಕದಲ್ಲಿ ಕಾಲುಭಾಗ ಕಡಿಮೆ. ಎಂಜಿನ್ ಒಂದರಲ್ಲಿ ಅಂಥ ೧೮ ಅಥವಾ ೧೯ ಮೂತಿಗಳಿರುತ್ತವೆ.

ಆದರೆ ಆಕಾಶಕ್ಕೆ ಹಾರದ ಕೈಗಾರಿಕೆಗೂ ಇದರಿಂದ ಉಪಯೋಗವುಂಟೇ ಎಂದು ಪೀಣ್ಯದ ಸಣ್ಣ ಉದ್ಯಮಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪ್ಲಾಸ್ಟಿಕ್ಕಿನ ಬಾಟಲಿ ಮುಚ್ಚಳವನ್ನೋ ಸ್ವಿಚ್ಚಿನ ಡಬ್ಬಿಯನ್ನೋ ಒತ್ತುವ ಉಕ್ಕಿನ ಅಚ್ಚನ್ನು ನೋಡಿರಿ. ಒಳಗೆ ಸುರಿದ ಬಿಸಿ ಪ್ಲಾಸ್ಟಿಕ್ ತಣಿಯುವವರೆಗೆ ಅಚ್ಚನ್ನು ತೆರೆಯುವಂತಿಲ್ಲ. ತಣಿಸುವುದಕ್ಕೆ ಅಚ್ಚಿನ ಗೋಡೆಯಲ್ಲಿ ನೀರು ಹರಿಯುವ ರಂಧ್ರಗಳನ್ನು ಕೊರೆಯುತ್ತಾರೆ. ಡ್ರಿಲ್ಲಿನ ಮೊನೆ ನೇರವಾಗಿ ಹೋಗಬಲ್ಲುದೇ ಹೊರತು ಬಳಸಿ ಹೋಗಲಾರದು. ಆದುದರಿಂದ ವಸ್ತುವಿನ ಬಾಗುಬಳುಕುಗಳ ಬಳಿಗೆ ನೀರು ತಲುಪುವುದಿಲ್ಲ. ಅಚ್ಚನ್ನು ಮುದ್ರಿಸಿದಾಗಲಾದರೋ, ಬಳ್ಳಿ ಮರವನ್ನು ಸುತ್ತುವಂತೆ ನೀರಿನ ಹಾದಿಯು ವಸ್ತುವಿನ ಆಕಾರವನ್ನೇ ಸುತ್ತಿ ಬರುತ್ತದೆ. ತಣಿಯುವ ಕಾಲ ತಗ್ಗಿ, ಅದೇ ದಿನದಲ್ಲಿ ಹೆಚ್ಚು ಸರಕು ಹೊರಬೀಳುತ್ತದೆ. ಬೆಳಗಾವಿಯಂಥ ಎರಕದ ಊರುಗಳಿಗೆ ಉಪಯುಕ್ತವಾದುದು ಇನ್ನೊಂದು ಬಗೆ: ಮರದ ಮಾದರಿಯೇ ಇಲ್ಲದೆ, ಮರಳಿಗೆ ಅಂಟನ್ನು ಪದರಪದರವಾಗಿ ಸಿಂಪಡಿಸಿ ಎರಕದ ಅಚ್ಚನ್ನೇ ಮುದ್ರಿಸುವುದು. ಎಂದರೆ ನಾಲ್ಕನೆಯ ಮಾರ್ಗವು ಮೊದಲನೆಯದನ್ನು ಅಳಿಸದೆ ಅದರ ಸೇವೆಗೆ ನಿಲ್ಲುತ್ತದೆ.

ವೈದ್ಯರಿಗೆ ಇದು ಒದಗಿರುವ ಪರಿ ಸುಲಭವಾಗಿ ತಿಳಿಯುವಂಥದು. ಇಬ್ಬರ ಕಿವಿ ಒಂದೇ ತೆರನಲ್ಲ, ಇಬ್ಬರ ದವಡೆ ಒಂದೇ ತೆರನಲ್ಲ. ಒಂದೊಂದನ್ನೂ ಬೇರೆಬೇರೆಯಾಗಿಯೇ ಮಾಡಬೇಕಾದಲ್ಲಿ ಅಚ್ಚು ನಿರರ್ಥಕ, ಮುದ್ರಣ ಸಾರ್ಥಕ. ಶ್ರವಣ ಸಾಧನದ ಕವಚ, ಹಲ್ಲಿನ ಮಾದರಿ, ತಲೆಬುರುಡೆಯ ಒಡಕನ್ನು ಮುಚ್ಚುವ ಟೈಟೇನಿಯಂ ತಗಡು, ಇವೆಲ್ಲ ಈಗ ಹೀಗೆ ಆಗುತ್ತಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಬಳಗದಲ್ಲಿ ಮೊಳೆತ ಪಂಡೋರಂ ಎಂಬ ಬೆಂಗಳೂರಿನ ಕಂಪನಿಯು ಯಕೃತ್ತಿನ ಅಂಗಾಂಶವನ್ನು ಮುದ್ರಿಸಿದುದಾಗಿ ೨೦೧೫ರಲ್ಲಿ ಪ್ರಕಟಿಸಿತು. ಇಡಿಯ ಯಕೃತ್ತನ್ನು ಮುದ್ರಿಸಿ ರೋಗಿಗೆ ಕೂಡಿಸುವ ದಿನ ಬಹಳ ದೂರವಿದೆ. ಕಟ್ಟಡದ ಮಾತಿಗೆ ಬಂದರೆ, ಹಲಸೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ ಎಲ್ ಆಂಡ್ ಟಿ ಕಂಪನಿ, ಮದರಾಸಿನ ಐ.ಐ.ಟಿ.ಯ ತಾಂತ್ರಿಕ ಮಾರ್ಗದರ್ಶನದಲ್ಲಿ, ೧,೦೨೧ ಚದರ ಅಡಿಯ ಅಂಚೆ ಕಚೇರಿಯನ್ನು ಕಾಂಕ್ರೀಟಿನ ಪದರಗಳಿಂದ ೪೩ ದಿನಗಳಲ್ಲಿ ಕಟ್ಟಿತು. ತಗುಲಿದ ವೆಚ್ಚ ೨೩ ಲಕ್ಷ ರೂಪಾಯಿ. ೨೦೨೩ರ ಆಗಸ್ಟ್ ೧೮ರಂದು ಅದು ಉದ್ಘಾಟನೆಗೊಂಡಿತು. ಮುದ್ರಿಸಿದ ಅಂಚೆ ಕಚೇರಿ ದೇಶದಲ್ಲಿ ಅದೇ ಮೊದಲನೆಯದು.

ಇಷ್ಟಾದರೂ ಎಲ್ಲವನ್ನೂ ಮುದ್ರಿಸಬಹುದೆಂಬ ಮಾತನ್ನು ನಾನು ಒಪ್ಪಲಾರೆ. ಯಲಹಂಕದ ಗಾಲಿಯನ್ನು ಮುದ್ರಿಸುವುದು ಅವಿವೇಕ. ಒಂದೇ ಆಕಾರದ ವಸ್ತುವು ಲಕ್ಷಗಟ್ಟಲೆ ಬೇಕಾದಲ್ಲಿ ಅಚ್ಚನ್ನು ಮೀರಿದುದಿಲ್ಲ. ನೇರವಾದ ಕಬ್ಬಿಣದ ಸರಳನ್ನೋ ಒಂದು ಬೋಲ್ಟನ್ನೋ ಮುದ್ರಿಸುವುದು ದಂಡ. ಆಕಾರ ಜಟಿಲವಾಗಿ, ಸಂಖ್ಯೆ ಅಲ್ಪವಾಗಿ, ತೂಕದ ಒಂದೊಂದು ಗ್ರಾಮಿಗೂ ಬೆಲೆಯಿರುವಲ್ಲಿ ಮಾತ್ರ ಇದು ತನ್ನ ಖರ್ಚನ್ನು ತೀರಿಸುತ್ತದೆ.

ನನ್ನ ಮನಸ್ಸಿಗೆ ಹತ್ತಿರವಾದ ಪ್ರಶ್ನೆ ಬೇರೊಂದು. ಲೇತನ್ನು ತಾಯಿ ಯಂತ್ರವೆಂದು ಹಿಂದಿನವರು ಕರೆಯುತ್ತಿದ್ದರು, ಇತರ ಯಂತ್ರಗಳೆಲ್ಲ ಅದರಿಂದ ಹುಟ್ಟುವುದರಿಂದ. ಜಾಲಹಳ್ಳಿಯಲ್ಲಿ ಕಾರ್ಖಾನೆಯನ್ನು ಕಟ್ಟಿದವರು ಹೊರದೇಶದ ಲೇತುಗಳನ್ನು ಕೊಂಡು ತಂದು ಸುಮ್ಮನಿದ್ದಿದ್ದರೆ ಪೀಣ್ಯ ಇಂದಿನ ಪೀಣ್ಯವಾಗುತ್ತಿರಲಿಲ್ಲ. ಮುದ್ರಣಯಂತ್ರದ ವಿಷಯದಲ್ಲಿಯೂ ಆ ಕೆಲಸ ಇಲ್ಲಿ ಮೊದಲಾಗಿದೆ: ಭಾರತೀಯ ವಿಜ್ಞಾನ ಸಂಸ್ಥೆಯೂ ವಿಪ್ರೋ ತ್ರೀಡಿಯೂ ಕೂಡಿ, ಎಲೆಕ್ಟ್ರಾನ್ ಕಿರಣದಿಂದ ಲೋಹದ ಪುಡಿಯನ್ನು ಕರಗಿಸುವ ಕೈಗಾರಿಕಾ ದರ್ಜೆಯ ಯಂತ್ರವನ್ನು ನಿರ್ಮಿಸಿದುದಾಗಿ ೨೦೨೦ರಲ್ಲಿ ಪ್ರಕಟಿಸಿದವು, ಬೆಂಗಳೂರಿನವೇ ಆದ ಇಂಟೆಕ್, ಏಸ್ ಮೈಕ್ರೋಮ್ಯಾಟಿಕ್ ಬಳಗದ ಅಮೇಸ್ ಮೊದಲಾದ ಕಂಪನಿಗಳು ಲೇಸರಿನ ಯಂತ್ರಗಳನ್ನು ಮಾಡಿ ಮಾರುತ್ತಿವೆ. ಜಗತ್ತಿನ ಈ ವ್ಯವಹಾರದಲ್ಲಿ ಭಾರತದ ಪಾಲನ್ನು ಮೂರು ವರ್ಷಗಳಲ್ಲಿ ಶೇಕಡ ೫ಕ್ಕೆ ಏರಿಸಬೇಕೆಂದು ಕೇಂದ್ರ ಸರ್ಕಾರ ೨೦೨೨ರ ಫೆಬ್ರವರಿಯಲ್ಲಿ ಒಂದು ನೀತಿಯನ್ನೂ ಹೊರಡಿಸಿತು.

ನೀತಿಯ ಕಾಗದಕ್ಕಿಂತ ಮುಖ್ಯವಾದುವು ಕೈಗಳು. ಆ ದಿನ ಪೀಣ್ಯದಿಂದ ಹಿಂದಿರುಗುವಾಗ ಹಿರಿಯರು ಬಸ್ಸಿನಲ್ಲಿ, “ಆ ಹುಡುಗಿಗೆ ಯಂತ್ರ ಗೊತ್ತು, ಲೋಹ ಗೊತ್ತಾಗೋದಕ್ಕೆ ಇನ್ನೂ ಹತ್ತು ವರ್ಷ ಬೇಕು, ನನಗೆ ಲೋಹ ಗೊತ್ತು, ಆ ಯಂತ್ರ ಗೊತ್ತಿಲ್ಲ” ಎಂದರು. ಇವರಿಬ್ಬರನ್ನೂ ಒಂದೇ ಮೇಜಿನ ಮುಂದೆ ಕುಳ್ಳಿರಿಸುವ ಏರ್ಪಾಡು ನಮ್ಮ ಐ.ಟಿ.ಐ.ಗಳಲ್ಲಿಯೂ ಪಾಲಿಟೆಕ್ನಿಕ್ಕುಗಳಲ್ಲಿಯೂ ಆಗಬೇಕು. ಕಡೆಯುವುದನ್ನು ಬಲ್ಲ ನಿವೃತ್ತರು ಇನ್ನೂ ಈ ಬಡಾವಣೆಗಳಲ್ಲಿ ನಮ್ಮ ನಡುವೆ ಇದ್ದಾರೆ. ಸಂಸ್ಥೆಗಳನ್ನು ನಡೆಸುವವರು ಅವರ ಮನೆಯ ಬಾಗಿಲಿಗೆ ಹೋಗಿ ಅವರನ್ನು ಕರೆಯಬೇಕು, ಮತ್ತು ಈ ವರ್ಷವೇ ಕರೆಯಬೇಕು.